ನಮ್ಮ ಪಡಸಾಲೆಯ ಬ್ಲೂಸ್

ಜಾಝ್ ಅಂದರೇನು, ಬ್ಲೂಸ್ ಅಂದರೇನು ಎಂದು ಯಾರಾದರೂ ಇವತ್ತು ನನ್ನ ಮುಂದೆ ಮಾತು ತೆಗೆದರೆ ಸೌಟು ತೋರಿಸಿ ಆಚೆ ಕಳಿಸುತ್ತೇನೆ. ಅಷ್ಟು ಕೇಳಿದ್ದೇನೆ ಆ ಮಾತನ್ನು. ದಾವಣಗೆರೆಯಲ್ಲಿ ನನ್ನ ಕಾಲದಲ್ಲಿ ಸಂಸಾರ ಮಾಡಿದ ಬೇರೆ ಯಾವ ಹೆಂಗಸೂ ಅಷ್ಟು ಕೇಳಿರಲಿಕ್ಕಿಲ್ಲ. ಓಣಿಯ ಬೇರೆ ಮನೆಗಳಲ್ಲಿ ಭಾನುವಾರವೆಂದರೆ ತಲೆಗೆ ಎಣ್ಣೆ, ಸಂತೆ, ಬೀಗರು. ನಮ್ಮ ಮನೆಯಲ್ಲಿ ಭಾನುವಾರವೆಂದರೆ ಇಬ್ಬರು ಗಂಡಸರು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಅಮೆರಿಕದಲ್ಲಿ ಯಾರೋ ಹಾಡಿದ್ದು ಅಸಲಿಯೋ ನಕಲಿಯೋ ಎಂದು ಕುತ್ತಿಗೆಯ ನರ ಉಬ್ಬಿಸಿಕೊಂಡು ಜಗಳಾಡುವುದು.

ಇಬ್ಬರಲ್ಲಿ ಒಬ್ಬರು ನಮ್ಮವರೇ. ಹತ್ತಿ ಗಿರಣಿಯ ಆಫೀಸಿನಲ್ಲಿ ಗುಮಾಸ್ತರು. ಆ ಗಿರಣಿಯಲ್ಲಿ ನೇಯ್ಗೆ ಖಾತೆ ನೋಡಿಕೊಳ್ಳುತ್ತಿದ್ದ ಬಿಳಿಯ ಮಾಸ್ಟರೊಬ್ಬ, ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ ದೇಶ ಬಿಟ್ಟು ಹೊರಟಾಗ, ತನ್ನ ಗ್ರಾಮಫೋನನ್ನೂ ಒಂದು ಪೆಟ್ಟಿಗೆ ಹಾಡಿನ ಪ್ಲೇಟುಗಳನ್ನೂ ಇವರ ಕೈಗಿತ್ತು ಹೋದ. ಅದಕ್ಕೆ ಮೊದಲು ಇವರಿಗೆ ಗೊತ್ತಿದ್ದ ಸಂಗೀತ ಮಠದ ಭಜನೆ ಮತ್ತು ಕಂಪನಿ ನಾಟಕದ ಹಾಡು, ಅಷ್ಟೇ. ಇನ್ನೊಬ್ಬರು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು. ಬ್ರಹ್ಮಚಾರಿ. ಬೆಂಗಳೂರಿಗೆ ಹೋದಾಗಲೆಲ್ಲ ಯಾವುದೋ ಲೈಬ್ರರಿಯಿಂದ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಹೊತ್ತು ತಂದು, ಓದಿದ್ದನ್ನೆಲ್ಲ ನಮ್ಮ ಪಡಸಾಲೆಯಲ್ಲಿ ಇಳಿಸುತ್ತಿದ್ದರು.

ಮೇಷ್ಟ್ರ ವಾದ ಹೀಗೆ: ಜಾಝ್ ಅನ್ನುವುದು ಊದುವ ಗಳಿಗೆಯಲ್ಲೇ ಹುಟ್ಟಬೇಕು, ಒಂದೇ ಹಾಡನ್ನು ಎರಡು ಸಲ ಒಂದೇ ಥರ ಊದಿದರೆ ಅದು ಮದುವೆಯ ಬ್ಯಾಂಡ್ ಸೆಟ್ಟು, ಜಾಝ್ ಅಲ್ಲ. ನಮ್ಮವರ ವಾದ ಬೇರೆ: ಪ್ಲೇಟಿನಲ್ಲಿ ಏನಿದೆಯೋ ಅದೇ ಪ್ರಮಾಣ, ಅದರಿಂದ ಕೂದಲೆಳೆಯಷ್ಟು ಆಚೀಚೆ ಹೋದರೂ ನಕಲಿ.

"ಪ್ಲೇಟಿನಾಗೆ ದಿನಾ ಒಂದೇ ಥರ ಬರ್ತೈತಲ್ರೀ ಮೇಷ್ಟ್ರೇ. ಹಂಗಾರೆ ಅದು ಜಾಝ್ ಅಲ್ಲೇನು?" ಎಂದು ನಮ್ಮವರು ಗೆದ್ದವರ ಹಾಗೆ ನಗುತ್ತಿದ್ದರು.

"ಅದು ಹುಟ್ಟಿದ ದಿನ ಜಾಝ್ ಆಗಿತ್ತು. ನೀವು ದಿನಾ ತಿಥಿ ಮಾಡ್ತಿದೀರಿ," ಎಂದು ಮೇಷ್ಟ್ರು ಮಂಡಕ್ಕಿಗೆ ಕೈ ಹಾಕುತ್ತಿದ್ದರು.

ಬ್ಲೂಸ್ ಹುಟ್ಟಿದ್ದು ಹತ್ತಿ ಹೊಲದಲ್ಲಂತೆ. ಇದನ್ನು ಮೇಷ್ಟ್ರು ಓದಿ ಬಂದ ದಿನ ಇಬ್ಬರಿಗೂ ಹುಚ್ಚು ಹಿಡಿದಂತಾಯಿತು. ಹತ್ತಿಯ ಊರಿನವರಾದ ನಮಗೆ ಅದು ಅರ್ಥವಾಗದೆ ಇನ್ಯಾರಿಗೆ ಅರ್ಥವಾದೀತು ಎಂದು ನಮ್ಮವರು ಎದೆ ತಟ್ಟಿಕೊಂಡರು. ನನ್ನ ತೌರು ಆನಗೋಡು. ಹತ್ತಿ ಬಿಡಿಸುವ ಹೆಂಗಸರು ಅಲ್ಲಿ ಏನು ಹಾಡುತ್ತಾರೆ ಎಂದು ಮೇಷ್ಟ್ರು ಒಳಮನೆಗೆ ಕೂಗಿ ಕೇಳಿದರು. "ಬಿಸಿಲಾಗೆ ಹತ್ತಿ ಬಿಡ್ಸೋರು ಹಾಡಲ್ರಿ, ಕುಡಿಯಾಕೆ ನೀರು ಕೇಳ್ತಾರೆ," ಎಂದೆ. ಅವರು ಅದನ್ನೂ ಬ್ಲೂಸಿನ ಲಕ್ಷಣವೆಂದು ಒಪ್ಪಿಕೊಂಡರು. ಇಂಥವರ ಹತ್ತಿರ ಏನು ಮಾತಾಡುವುದು?

ಎಷ್ಟೇ ಕಿತ್ತಾಡಿದರೂ ಒಂದು ಪ್ಲೇಟಿನ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಅದರಲ್ಲಿ ಒಬ್ಬ ಹೆಂಗಸು ದಪ್ಪ ದನಿಯಲ್ಲಿ ನಿಧಾನವಾಗಿ ಹಾಡುತ್ತಿದ್ದಳು. ಅವಳ ಹಿಂದೆ ಒಂದು ಕ್ಲಾರಿನೆಟ್ಟು ಅಳುತ್ತಿತ್ತು. ಒಂದೊಂದು ಮಾತಿಗೂ ಅವಳು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳೆಂದರೆ ಮೇಷ್ಟ್ರಿಗೂ ಒಂದು ಪದ ತಿಳಿಯುತ್ತಿರಲಿಲ್ಲ. ಗಂಡನೋ ಮಗನೋ ಸತ್ತಿರಬೇಕು ಎಂದು ಇಬ್ಬರೂ ತೀರ್ಮಾನಿಸಿದ್ದರು. ಕೇಳುತ್ತಾ ಕೇಳುತ್ತಾ ವರ್ಷದಿಂದ ವರ್ಷಕ್ಕೆ ಹಾಡು ಇನ್ನೂ ಆಳಕ್ಕೆ ಇಳಿಯುತ್ತಿದೆ, ನಮ್ಮ ಕಿವಿ ಪಕ್ವವಾಗುತ್ತಿದೆ ಎಂದು ನಮ್ಮವರು ಹೇಳುತ್ತಿದ್ದರು. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಆ ಗ್ರಾಮಫೋನಿಗೆ ನಮ್ಮಲ್ಲಿದ್ದ ಮರ್ಯಾದೆ ನನಗಿರಲಿಲ್ಲ. ಆಯುಧಪೂಜೆಯ ದಿನ ಅದನ್ನು ದೇವರ ಜಗುಲಿಯ ಮುಂದಿಟ್ಟು, ವಿಭೂತಿ ಹಚ್ಚಿ, ಹೂ ಏರಿಸಿ, ಪಕ್ಕದ ತೂತಿನಿಂದ ಹೊಸ ಹತ್ತಿಕಾಳಿನ ಎಣ್ಣೆ ಬಿಡುತ್ತಿದ್ದರು. ಮಾವನವರದು ಹತ್ತಿ ಮಂಡಿ, ಜೊತೆಗೆ ಎಣ್ಣೆ ಗಾಣವೂ ಇತ್ತು. ಮಂಡಿಯ ತಕ್ಕಡಿಗೆ, ಗಾಣಕ್ಕೆ, ನನ್ನ ಹೊಲಿಗೆ ಮಷೀನಿಗೆ ಬಿಟ್ಟ ಹಾಗೆ ಅದಕ್ಕೂ. ನಮ್ಮ ಮನೆತನದಲ್ಲಿ ತಿರುಗುವ ವಸ್ತುವಿಗೆಲ್ಲ ಅವತ್ತು ಎಣ್ಣೆ ಬೀಳಲೇಬೇಕು.

ಇವರಿಬ್ಬರು ಹೀಗೆ ಹರಟೆ ಹೊಡೆದುಕೊಂಡಿದ್ದರೆ ನಾನು ಮಂಡಕ್ಕಿ ಒಗ್ಗರಣೆ ಹಾಕಿಕೊಟ್ಟು ಸುಮ್ಮನಿರುತ್ತಿದ್ದೆ. ಆದರೆ ನಡುವೆ ನನ್ನ ಮೈದುನ ಸಿಕ್ಕಿಕೊಂಡ.

ನಾನು ಮದುವೆಯಾಗಿ ಬಂದಾಗ ಅವನು ತಾಯಿಯಿಲ್ಲದ ಸಣ್ಣ ಹುಡುಗ. ಅವನಿಗೆ ಎರೆದವಳು, ಉಣಿಸಿದವಳು ನಾನು. ನನಗೆ ಮಕ್ಕಳಾಗಲಿಲ್ಲ, ಅವನಿದ್ದ. ಮೀಸೆ ಮೂಡುವ ಹೊತ್ತಿಗೆ ಅವನು ಹಳೆ ಬಸ್ ಸ್ಟ್ಯಾಂಡಿನ ಹತ್ತಿರದ ಬ್ಯಾಂಡಿನ ಅಂಗಡಿಗೆ ಹೋಗಿ ಕೂತು ಕ್ಲಾರಿನೆಟ್ ಹಿಡಿಯುವುದನ್ನು ಕಲಿತ. ಮಾವನವರು ಕೆಂಡವಾದರು. ಮೆರವಣಿಗೆಯಲ್ಲಿ ಊದುವುದು ನಮ್ಮಂಥವರ ಮನೆಯ ಕೆಲಸವಲ್ಲ ಎಂದು ಕೂಗಾಡಿದರು. "ವಾಲಗ ಊದೋನಿಗೆ ನನ್ನ ಗಾದಿ ಮ್ಯಾಲೆ ಜಾಗ ಇಲ್ಲ. ಮಂಡಿ ಕಡೆ ಕಾಲಿಡಬ್ಯಾಡ," ಎಂದುಬಿಟ್ಟರು. ಅವನು ನಮ್ಮ ಮನೆಯಲ್ಲೇ ಉಳಿದ.

ನಮ್ಮವರಿಗೂ ಮೇಷ್ಟ್ರಿಗೂ ಕೇಳಬೇಕೆ! ಕ್ಲಾರಿನೆಟ್ ಊದುವವನು ಮನೆಯಲ್ಲೇ ಸಿಕ್ಕಿಬಿಟ್ಟ. ಆ ಹೆಂಗಸಿನ ಪ್ಲೇಟು ಹಾಕಿ ಅವನನ್ನು ಎದುರಿಗೆ ಕೂರಿಸಿದರು. ಅವನು ಕೇಳುವನು, ಊದುವನು, ಮತ್ತೆ ಕೀಲಿ ಕೊಟ್ಟು ಕೇಳುವನು. ಹೀಗೆ ವರ್ಷಗಟ್ಟಲೆ. ಮಿಕ್ಕ ಪ್ಲೇಟುಗಳನ್ನು ಅವನು ಮುಟ್ಟಲೇ ಇಲ್ಲ. ಇವರಿಬ್ಬರೂ ಅಸಲಿ ಎಂದು ಒಪ್ಪಿದ್ದು ಅದೊಂದನ್ನೇ ತಾನೇ. ಆ ಕ್ಲಾರಿನೆಟ್ಟಿನ ಅಳುವನ್ನು ಅವನು ಎಷ್ಟು ಚೆನ್ನಾಗಿ ಹಿಡಿದನೆಂದರೆ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ನನಗೆ ಊದುತ್ತಿರುವುದು ಪ್ಲೇಟೋ ಇವನೋ ತಿಳಿಯುತ್ತಿರಲಿಲ್ಲ.

ಆದರೆ ಅವನಿಗೆ ಒಂದು ಕೊರಗಿತ್ತು. ಹೋದ ವರ್ಷ ಪ್ಲೇಟಿಗೆ ಸರಿಯಾಗಿ ಕೂಡಿದ್ದ ಬೆರಳು ಈ ವರ್ಷ ಕೂಡುತ್ತಿರಲಿಲ್ಲ. "ನಂದು ಸ್ವರ ಮ್ಯಾಲೆ ಉಳೀತೈತೆ ಅತ್ಗೆಮ್ಮ, ಪ್ಲೇಟು ಕೆಳಗೆ ಹೋಗ್ತೈತೆ. ನನ್ನ ಕಿವಿನಾಗೆ ಏನೋ ದೋಷ ಐತೆ," ಎಂದು ಒಂದು ದಿನ ಒಲೆಯ ಮುಂದೆ ಕೂತು ಅತ್ತ. ಅಣ್ಣನ ಹತ್ತಿರ ಹೇಳಿಕೊಂಡರೆ ಇನ್ನೂ ಸಾಧನೆ ಸಾಲದು ಎಂದರು. ಪಾಪ, ಅವನು ವಾದ್ಯದ ತುಂಡುಗಳನ್ನು ಎಳೆದು ಉದ್ದ ಮಾಡಿ, ತುಟಿ ಸಡಿಲ ಬಿಟ್ಟು, ಬೆರಳು ಬದಲಿಸಿ, ಮತ್ತೆ ಮತ್ತೆ ಕೆಳಗಿಳಿದು ಆ ಹೆಂಗಸಿನ ಜೊತೆಗೆ ಕೂಡಿಕೊಂಡ.

ಅಷ್ಟರಲ್ಲಿ ಹರಿಹರದ ಕಾರ್ಖಾನೆಯಿಂದ ಸುದ್ದಿ ಬಂತು. ಅಲ್ಲಿಯ ಅಧಿಕಾರಿಗಳ ಕ್ಲಬ್ಬಿನಲ್ಲಿ ಒಂದು ವಾದ್ಯಮೇಳ ಕಟ್ಟುತ್ತಿದ್ದಾರೆ, ಕ್ಲಾರಿನೆಟ್ ಊದುವವನು ಬೇಕು. ಆಯ್ಕೆಯಾದವನಿಗೆ ಹಗಲು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ, ಶನಿವಾರ ಸಂಜೆ ಕ್ಲಬ್ಬಿನಲ್ಲಿ ವಾದ್ಯ. ಮಾವನವರೂ ಕಾರ್ಖಾನೆಯ ನೌಕರಿ ಎಂದರೆ ಆಗಲಿ ಎಂದರು. ಅದು ಸಿಗದಿದ್ದರೆ ಹತ್ತಿ ಗಿರಣಿಗೆ ಸೇರಿಸುವುದು, ಈ ಊದುವ ಆಟ ಅಲ್ಲಿಗೆ ಮುಗಿಯಿತು ಎಂದು ಅದೇ ಉಸಿರಿನಲ್ಲಿ ಕಟ್ಟಪ್ಪಣೆಯನ್ನೂ ಮಾಡಿದರು. ಮೈದುನ ಆ ವಾರವೆಲ್ಲ ನೆಟ್ಟಗೆ ಊಟ ಮಾಡಲಿಲ್ಲ. ದೇವರೇ, ಇದೊಂದು ಆಗಲಿ ಎಂದು ನಾನು ಸೋಮವಾರದ ಒಪ್ಪತ್ತು ಹಿಡಿದೆ.

ಹರಿಹರದ ಗುಡಿಗೆ ಹೋಗುವ ನೆಪದಲ್ಲಿ ನಾನೂ ಅವನ ಜೊತೆ ರೈಲು ಹತ್ತಿದೆ. ಇವರಿಬ್ಬರೂ ಸ್ಟೇಶನ್ನಿಗೆ ಬಂದು ಕಿಟಕಿಯ ಎರಡು ಕಡೆ ನಿಂತರು.

"ಪ್ಲೇಟಿನಾಗೆ ಇದ್ದಂಗೇ ಊದು. ನಿಂದೇನೂ ಸೇರಿಸ್ಬ್ಯಾಡ," ಎಂದು ನಮ್ಮವರು.

"ನಿಂದು ಅಂತ ಏನಾದ್ರೂ ಸೇರಿಸು, ಇಲ್ಲಾಂದ್ರೆ ಅದು ಜಾಝೇ ಅಲ್ಲ," ಎಂದು ಮೇಷ್ಟ್ರು.

ರೈಲು ಹೊರಟಾಗ ಮಾತ್ರ ಇಬ್ಬರೂ ಒಟ್ಟಿಗೆ ಕೂಗಿದರು: "ಓಡಬ್ಯಾಡ! ಓಡಿದ್ರೆ ಅದು ಕುಣಿತ, ಬ್ಲೂಸ್ ಅಲ್ಲ!"

ಕ್ಲಬ್ಬಿನ ವರಾಂಡದಲ್ಲಿ ನನಗೊಂದು ಬೆಂಚು ಸಿಕ್ಕಿತು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಒಳಗೆ ಪಿಯಾನೋ ಮುಂದೆ ಒಬ್ಬ, ಡ್ರಮ್ಮಿನ ಹಿಂದೆ ಒಬ್ಬ, ಕಹಳೆ ಹಿಡಿದ ಮಾಸ್ಟರೊಬ್ಬ, ಆತ ಬೊಂಬಾಯಿಯವನು. ನಿನಗೇನು ಬರುತ್ತದೆ ಎಂದು ಕೇಳಿದ. ಮೈದುನ ಆ ಪ್ಲೇಟಿನ ಹಾಡಿನ ಹೆಸರು ಹೇಳಿದ. ಮಾಸ್ಟರ ಮುಖ ಅರಳಿತು. ಅದು ನಮ್ಮದೂ ಮೆಚ್ಚಿನ ಹಾಡು, ಬಾ ಎಂದು ಕಾಲಿನಿಂದ ತಾಳ ಹಾಕಿ ಶುರು ಮಾಡಿಯೇಬಿಟ್ಟ. ನನಗೂ ಎದೆ ಹಗುರವಾಯಿತು.

ಅವರು ಊದಿದ್ದನ್ನು ಕೇಳಿ ನನಗೆ ಏನೂ ತಿಳಿಯಲಿಲ್ಲ. ಮಕ್ಕಳು ಕುಂಟೆಬಿಲ್ಲೆ ಆಡಿದ ಹಾಗೆ ಜಿಗಿಯುತ್ತಾ ಓಡುವ ಒಂದು ಹಾಡು. ಮೈದುನ ತುಟಿಗೆ ಕ್ಲಾರಿನೆಟ್ ಹಚ್ಚುವಷ್ಟರಲ್ಲಿ ಅವರು ಎಲ್ಲೋ ಹೋಗಿಬಿಟ್ಟಿದ್ದರು. ಬಸ್ಸು ತಪ್ಪಿದವನ ಹಾಗೆ ನಿಂತ. ಮಾಸ್ಟರು ಒಳ್ಳೆಯವನೇ, ನಿಲ್ಲಿಸಿ, ಇವನಿಗೋಸ್ಕರ ನಿಧಾನವಾಗಿ ಮತ್ತೆ ಹಿಡಿದ. ಈಗ ಇವನ ಸ್ವರ ಅವರ ಸ್ವರಕ್ಕೆ ಕೂಡಲಿಲ್ಲ. ಹುಳಿ ಹುಳಿಯಾಗಿ, ಒಂದು ಮೆಟ್ಟಿಲು ಕೆಳಗೇ ಉಳಿಯಿತು. ಡ್ರಮ್ಮಿನವನು ನಕ್ಕ.

ಆಗ ನನ್ನ ಮೈದುನ ಕ್ಲಾರಿನೆಟ್ ಕೆಳಗಿಳಿಸಿ, ಕೈ ಮುಗಿದು, ಬಹಳ ವಿನಯದಿಂದ ಹೇಳಿದ: "ಸರ, ತಪ್ಪು ತಿಳೀಬ್ಯಾಡ್ರಿ. ನೀವು ಊದ್ತಿರೋದು ಅಸಲಿ ಅಲ್ಲ. ಅಸಲಿ ಹಿಂಗೈತೆ ನೋಡ್ರಿ." ಹಾಗೆಂದು ಕಣ್ಣು ಮುಚ್ಚಿ, ನಮ್ಮ ಪಡಸಾಲೆಯಲ್ಲಿ ಊದುತ್ತಿದ್ದ ಹಾಗೆ, ಆ ಹಾಡನ್ನು ಮೊದಲಿಂದ ಕೊನೆಯವರೆಗೆ ಊದಿದ.

ಯಾರೂ ನಗಲಿಲ್ಲ. ಮುಗಿದ ಮೇಲೆ ಮಾಸ್ಟರು ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಚೆನ್ನಾಗಿ ಊದ್ತೀಯಾ ಬೇಟಾ. ಆದ್ರೆ ಇದು ಯಾವ ಹಾಡೋ ನನಗೆ ಗೊತ್ತಿಲ್ಲ. ನಮ್ ಜೊತೆ ಕೂಡೋದಿಲ್ಲ," ಎಂದ.

ಹೊಳೆಯ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದೆ. ಅವನು ಮುಟ್ಟಲಿಲ್ಲ. ನಾನೂ ಬುತ್ತಿಯನ್ನು ಮತ್ತೆ ಕಟ್ಟಿಟ್ಟೆ. ಹೋಗಿ ಆ ಮಾಸ್ಟರ ಕಾಲು ಹಿಡಿಯಲೇ ಅನ್ನಿಸಿತು. ಹಿಡಿದು ಏನೆಂದು ಕೇಳುವುದು, ಅದೂ ಗೊತ್ತಾಗಲಿಲ್ಲ.

ಊರಿಗೆ ಬಂದರೆ ಇಬ್ಬರೂ ಪಡಸಾಲೆಯಲ್ಲಿ ಕಾಯುತ್ತಿದ್ದರು. ನಡೆದದ್ದನ್ನು ಕೇಳಿ ಅವರಿಗೆ ದುಃಖವಾಗಲಿಲ್ಲ, ಉತ್ಸಾಹ ಬಂತು. "ಕುಣಿಯೋರ ಬ್ಯಾಂಡು ಕಣಯ್ಯಾ ಅದು. ಅವರಿಗೇನು ತಿಳೀತೈತೆ? ನೀನು ಮಾಡಿದ್ದೇ ಸರಿ," ಎಂದು ನಮ್ಮವರು ತಮ್ಮನ ಬೆನ್ನು ತಟ್ಟಿದರು. ಮೇಷ್ಟ್ರು ಬೊಂಬಾಯಿಯ ಹೋಟೆಲುಗಳು ಜಾಝನ್ನು ಹೇಗೆ ಕೆಡಿಸಿದವು ಎಂದು ದೀಪ ಹಚ್ಚುವವರೆಗೂ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. "ಸರಿಯಾಗಿ ಊದಿದ್ರೆ ನೌಕರಿ ಯಾಕ ಸಿಗಲಿಲ್ರೀ?" ಎಂದು ಒಳಗಿನಿಂದಲೇ ಕೇಳಿದೆ. ಅದಕ್ಕೂ ಅವರ ಹತ್ತಿರ ಉತ್ತರವಿತ್ತು. ಅಸಲಿ ಕಲಾವಿದರಿಗೆ ಎಲ್ಲೂ ನೌಕರಿ ಸಿಗಲಿಲ್ಲವಂತೆ.

ಆ ತಿಂಗಳೇ ಮೈದುನ ಗಿರಣಿ ಸೇರಿದ. ಅರಳೆಯ ಹಿಂಡಿಗೆ, ಅಂದರೆ ಒತ್ತಿ ಕಟ್ಟಿದ ಮೂಟೆ, ಬಿಚ್ಚಿ ಬಡಿಯುವ ಖಾತೆ. ಸಂಜೆ ಬಂದರೆ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಮೊದಮೊದಲು ಮುದುಕ ಬಂದ ಎಂದು ನಾನೇ ಚೇಷ್ಟೆ ಮಾಡುತ್ತಿದ್ದೆ. ಆಮೇಲೆ ಕೆಮ್ಮು ಶುರುವಾಯಿತು. ರಜೆ ಮುಗಿಸಿ ಹೋದ ಸೋಮವಾರ ಎದೆ ಬಿಗಿದುಕೊಂಡು ಬರುತ್ತಿದ್ದ. ಶುಂಠಿ ಕಷಾಯ, ಎದೆಗೆ ಬಿಸಿ ಎಣ್ಣೆ, ನನಗೆ ತಿಳಿದದ್ದೆಲ್ಲ ಮಾಡಿದೆ. ಬೇರೆ ಕೆಲಸ ನೋಡಿ ಎಂದು ನಮ್ಮವರಿಗೆ ಹೇಳಿ ಹೇಳಿ ನನ್ನ ಬಾಯಿ ನೋಯಿತು. ನೋಡೋಣ ಎನ್ನುತ್ತಿದ್ದರು.

ಗ್ರಾಮಫೋನಿನ ಗುಟ್ಟು ಒಡೆದದ್ದು ಅದಾದ ಮೇಲೆ ಒಂದು ಆಯುಧಪೂಜೆಯ ಮರುದಿನ. ಎಣ್ಣೆ ಕುಡಿದ ಮಷೀನು ಗೊರ್ ಎಂದು ನಿಂತೇಬಿಟ್ಟಿತು. ಸ್ಟೇಶನ್ ಹತ್ತಿರದ ರೇಡಿಯೋ ರಿಪೇರಿಯವನ ಹತ್ತಿರ ಹೊತ್ತುಕೊಂಡು ಹೋದರು. ಅವನು ಮುಚ್ಚಳ ಬಿಚ್ಚಿ, "ಏನ್ರೀ ಸರ ಇದು? ಒಳಗೆ ಹಲ್ವಾ ಮಾಡಿಟ್ಟೀರಲ್ಲ!" ಎಂದನಂತೆ. ವರ್ಷವರ್ಷ ಬಿಟ್ಟ ಹತ್ತಿಕಾಳಿನ ಎಣ್ಣೆ ಊರಿನ ಅರಳೆಯ ಧೂಳನ್ನೆಲ್ಲ ಹಿಡಿದುಕೊಂಡು, ಚಕ್ರಗಳ ನಡುವೆ ಗಟ್ಟಿಯಾಗಿ ಕೂತಿತ್ತು. ಅದಕ್ಕೇ ಮಷೀನು ವರ್ಷದಿಂದ ವರ್ಷಕ್ಕೆ ನಿಧಾನವಾಗಿ ತಿರುಗಿ, ಹಾಡಿನ ಸ್ವರವೂ ಕೆಳಗಿಳಿಯುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಕೊಟ್ಟ.

ಮನೆಗೆ ತಂದು ಆ ಪ್ಲೇಟು ಹಾಕಿದರು. ಅಯ್ಯೋ! ಆ ದಪ್ಪ ದನಿಯ ಹೆಂಗಸು ಎಲ್ಲಿ ಹೋದಳೋ. ಎಳೆ ಹುಡುಗಿಯೊಬ್ಬಳು ಕುಣಿಯುತ್ತಾ ಓಡಿ ಬಂದಳು. ಹಿಂದೆ ಕ್ಲಾರಿನೆಟ್ಟು ಅಳುತ್ತಿರಲಿಲ್ಲ, ನಗುತ್ತಿತ್ತು. ಈಗ ಮಾತುಗಳು ಮೇಷ್ಟ್ರಿಗೆ ಒಂದೊಂದಾಗಿ ಹತ್ತಿದವು. ಯಾರೂ ಸತ್ತಿರಲಿಲ್ಲ. ಹೊಸ ಬೂಟು ಹಾಕಿಕೊಂಡು ಬೀಗುವ ಪಕ್ಕದ ಮನೆಯವನನ್ನು ಅವಳು ಗೇಲಿ ಮಾಡುತ್ತಿದ್ದಳು.

ಪಾಳಿ ಮುಗಿಸಿ ಬಂದ ಮೈದುನ ಬಾಗಿಲಲ್ಲೇ ನಿಂತು ಕೇಳಿದ. "ಹರಿಹರದಾಗೆ ಊದಿದ್ದು ಇದೇ," ಎಂದ. ಅವನ ಅಣ್ಣ ಮುಖ ಕೆಂಪಗೆ ಮಾಡಿಕೊಂಡು, ಆ ರಿಪೇರಿಯವನು ಮಷೀನು ಕೆಡಿಸಿದ್ದಾನೆ, ಇದು ಗಿರಣಿಯ ಸ್ಪೀಡು ಎಂದು ಕೂಗುತ್ತಿದ್ದರು. ಇಲ್ಲ, ಇದೇ ಸರಿ, ನಾವು ಮೋಸ ಹೋದೆವು ಎಂದು ಮೇಷ್ಟ್ರು ಕೂಗುತ್ತಿದ್ದರು. ಮೈದುನ ಒಳಗೆ ಬಂದು ನೀರಿನ ಹಂಡೆಯ ಪಕ್ಕ ಕುಸಿದು ಕೂತ.

"ಅತ್ಗೆಮ್ಮ, ನಾ ಇಷ್ಟು ವರ್ಷ ಕಲ್ತಿದ್ದು ಹಾಡಲ್ಲ," ಎಂದ. "ಎಣ್ಣೆ."

ಕಿವಿಯಲ್ಲಿ ದೋಷವಿಲ್ಲ ಎಂದಾದರೂ ಗೊತ್ತಾಯಿತಲ್ಲ ಎಂದೆ. ಹೇಳಿದ ಮೇಲೆ ಅದು ಎಂಥ ಸಮಾಧಾನ ಎಂದು ನನಗೇ ಅನ್ನಿಸಿತು. ಅವನು ಕ್ಲಾರಿನೆಟ್ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ. ಮುಂದೆ ಎರಡು ಮೂರು ವರ್ಷ ಅದನ್ನು ಇಳಿಸಲಿಲ್ಲ. ಕೆಮ್ಮು ಹೆಚ್ಚಾಗಿ ತೋರಿಸಿದಾಗ, ಎದೆಗೆ ಅರಳೆ ಸೇರಿದೆ, ಭಾರ ಹೊರುವುದು, ಓಡುವುದು, ಊದುವುದು ಯಾವುದೂ ಬೇಡ ಎಂದು ಡಾಕ್ಟರು ಹೇಳಿದರು. ಆದರೂ ಗಿರಣಿಗೆ ಹೋಗುವುದು ತಪ್ಪಲಿಲ್ಲ.

ಪಡಸಾಲೆಯ ಜಗಳ ಮಾತ್ರ ಹೊಸ ಜೀವ ಪಡೆದು ನಡೆದೇ ಇತ್ತು. ನಿಧಾನದ್ದು ಅಸಲಿಯೋ, ಓಡುವುದು ಅಸಲಿಯೋ? ಕೊನೆಗೆ ಒಂದು ಭಾನುವಾರ ಮೇಷ್ಟ್ರು ಯಾವುದೋ ಪತ್ರಿಕೆ ಹಿಡಿದುಕೊಂಡು ಓಡಿ ಬಂದರು. ಬ್ಲೂಸನ್ನು ಹಾಡಿದ ಹಳಬರು ಯಾರಿಂದಲೋ ಅರ್ಧಂಬರ್ಧ ಕೇಳಿ, ತಪ್ಪು ತಪ್ಪಾಗಿ ಕಲಿತು, ಕಡೆಗೆ ಅದನ್ನೇ ತಮ್ಮದು ಮಾಡಿಕೊಂಡವರಂತೆ. ಅಸಲಿ ಅನ್ನುವುದು ಪ್ಲೇಟಿನಲ್ಲಿ ಇಲ್ಲವೇ ಇಲ್ಲವಂತೆ. ಅಂದಮೇಲೆ ಹರಿಹರದಲ್ಲಿ ಇವನು ಊದಿದ್ದೇ ಅಸಲಿ! ನಿಧಾನದ ಪಕ್ಷ ಗೆದ್ದಿತೆಂದು ನಮ್ಮವರಿಗೂ ಸಂತೋಷವಾಯಿತು. ಮಷೀನು ತೊಳೆಸಿದಂದಿನಿಂದ ಮೊದಲನೆಯ ಸಲ ಇಬ್ಬರೂ ಪೂರ್ತಿ ಒಪ್ಪಿದರು. ಒಪ್ಪಿ, ಹಿತ್ತಲಿಗೆ ಹೋಗಿ ಮೈದುನನಿಗೆ ಹೇಳಿದರು.

"ಹೌದ್ರಾ?" ಎಂದ ಅವನು. "ಅದನ್ನ ಹರಿಹರದಾಗೆ ಹೋಗಿ ಹೇಳ್ರಿ."

ಬಿಡಲಿಲ್ಲ. ಒಂದು ಸಲ, ಒಂದೇ ಒಂದು ಸಲ ಎಂದು ಇಬ್ಬರೂ ಮಕ್ಕಳ ಹಾಗೆ ಗೋಗರೆದರು. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಸಣ್ಣಗೆ ಊದಲಿ ಎಂದರು. ಬೇಡ ಎಂದು ಅವನೇ ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ಅಟ್ಟ ಹತ್ತಿದ.

ಪಡಸಾಲೆಯಲ್ಲಿ ನಿಂತು ಊದಿದ. ಮೊದಲನೆಯ ಸ್ವರ ಹಾಗೇ ಇತ್ತು, ಅದೇ ದಪ್ಪ, ಅದೇ ಅಳು. ಎರಡನೆಯದರ ಹೊತ್ತಿಗೆ ಉಸಿರು ಮುಗಿಯಿತು. ನಿಂತ, ಎಳೆದುಕೊಂಡ, ಮುರಿದ ಕಡೆಯಿಂದ ಹಿಡಿದ. ಮತ್ತೆ ಮುರಿಯಿತು. ಒಂದು ಸಾಲು ಮುಗಿಸುವುದಕ್ಕೆ ಅವನು ಪಡುತ್ತಿದ್ದ ಪಾಡು ನೋಡಲಾಗದೆ ನಾನು ಕಂಬ ಹಿಡಿದುಕೊಂಡೆ. ಅರ್ಧಕ್ಕೆ ಕೆಮ್ಮು ಬಂದು ಗೋಡೆಗೆ ಒರಗಿದ.

ಮೇಷ್ಟ್ರ ಕಣ್ಣಲ್ಲಿ ನೀರಿತ್ತು. "ಇದು!" ಎಂದರು. "ಇದೇ ಅಸಲಿ! ಆ ಉಸಿರು ಮುರಿಯುತ್ತಲ್ಲ, ಅದನ್ನ ಯಾವ ಪ್ಲೇಟೂ ಕೊಡಲಾರದು!"

ನನಗೆ ತಡೆಯಲಾಗಲಿಲ್ಲ. "ಏಳ್ರಿ ಮ್ಯಾಲೆ!" ಎಂದು ಕೂಗಿದೆ. "ಎದ್ದು ಹೋಗ್ರಿ ನಿಮ್ಮ ಮನಿಗೆ! ಅವನ ಎದಿ ಹರಿದು ಹೋಗ್ತೈತೆ, ನಿಮಗೆ ಅಸಲಿ ಬೇಕಾ? ಗಿರಣಿಗೆ ಹೋಗಿ ಅರಳಿ ಹಿಂಡಿಗೆ ನೀವು ಬಿಚ್ರಿ, ನಿಮಗೂ ಬರ್ತೈತೆ ಬ್ಲೂಸ್!" ಇನ್ನೂ ಏನೇನೋ ಬಾಯಿಗೆ ಬಂದ ಹಾಗೆ ಬೈದೆ. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೋದರು. ನಮ್ಮವರು ನೆಲ ನೋಡುತ್ತಾ ಕೂತರು. ಬೈದು ಬಂದದ್ದೇನು? ಮರುದಿನ ಸೋಮವಾರ, ಅವನು ಗಿರಣಿಗೆ ಹೋಗಲೇಬೇಕಿತ್ತು.

ನೀರು ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡ.

"ಮೇಷ್ಟ್ರಿಗೆ ಯಾಕ ಬೈದ್ರಿ ಅತ್ಗೆಮ್ಮ," ಎಂದ. ಆಮೇಲೆ ನನ್ನ ಮುಖ ನೋಡದೆ ಕೇಳಿದ: "ಖರೇ ಹೇಳ್ರಿ. ಚಲೋ ಇತ್ತಾ?"

ಇಲ್ಲ ಎಂದಿದ್ದರೆ ಪೆಟ್ಟಿಗೆ ಮತ್ತೆ ಅಟ್ಟಕ್ಕೆ ಹೋಗುತ್ತಿತ್ತು, ಅವನ ಎದೆ ಇನ್ನಷ್ಟು ದಿನವಾದರೂ ಉಳಿಯುತ್ತಿತ್ತು. ಆದರೆ ಚೆನ್ನಾಗಿತ್ತು. ಹಾಳಾದ್ದು, ಅದಕ್ಕೆ ಮೊದಲು ಅವನು ಊದಿದ್ದು ಯಾವುದೂ ಅಷ್ಟು ಚೆನ್ನಾಗಿರಲಿಲ್ಲ.

"ಇತ್ತಪ್ಪ," ಎಂದೆ. "ಭಾಳ ಚಲೋ ಇತ್ತು."

"ಹಂಗಾರೆ ಇನ್ನೊಂದ್ಸಲ," ಎಂದು ಗೋಡೆ ಹಿಡಿದು ಎದ್ದ.

ಹಿಂದೆ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತೆ. ಅವನು ಊದಿದ. ಉಸಿರು ತಪ್ಪುವುದು ಕಿವಿಗಿಂತ ಮೊದಲು ನನ್ನ ಕೈಗೆ ತಿಳಿಯುತ್ತಿತ್ತು.